ಪುನರ್ವಸುವಿಗೆ ಕಾದ ರಾಗಿ

ನಾನು ಓದು ನಿಲ್ಲಿಸಿದ್ದು ೧೯೭೨ರಲ್ಲಿ, ಏಳನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ಲೆಕ್ಕಕ್ಕಿಂತ ಉಳುಮೆ ಚೆನ್ನಾಗಿ ಬರುತ್ತಿತ್ತು, ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಾನು ಮಾಡಿದ್ದನ್ನು ಕೇಳಿದ ಮೇಲೆ, ಪಾಪ ಓದಿಲ್ಲದವನು ಎಂದು ನೀವು ಕ್ಷಮಿಸಿಬಿಡಬಹುದು. ಅದು ಓದಿನ ಕೊರತೆಯಲ್ಲ.

ಇವತ್ತು ಬೆಳಿಗ್ಗೆ ಹೆಂಡತಿ ರಾಗಿ ಹಿಟ್ಟಿನ ಹೊಸ ಪ್ಯಾಕೆಟ್ಟು ಒಡೆದಳು. ಆ ವಾಸನೆ ಬೇಸ್‌ಮೆಂಟಿನವರೆಗೂ ಇಳಿದು ಬಂತು. ನಿಮಗಾದರೆ ಅಮ್ಮನ ನೆನಪಾಗುತ್ತಿತ್ತೇನೋ. ನನಗೆ ಒಕೆಲ್ಲೋ ನೆನಪಾದ.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಇಲ್ಲೇ ಕೆನಡಾದ ಬರ್ಲಿಂಗ್ಟನ್ನಿನ ಒಂದು ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದೆವು. ಆಫ್ರಿಕಾದಿಂದ ಬಂದ ಕಾಫಿ, ಕೋಕೋ, ಎಳ್ಳು. ಅವನು ಉಗಾಂಡಾದ ಉತ್ತರ ಭಾಗದವನು. ಕೋಕೋ ಬೆಳೆಯುವವರಲ್ಲಿ ಚಾಕಲೇಟು ತಿಂದವರು ಎಷ್ಟು ಜನ ಇದ್ದಾರು ಎಂದು ಮೂಟೆ ತಟ್ಟಿ ನಗುತ್ತಿದ್ದ. ಅವರ ಊರಲ್ಲಿ ಹತ್ತಿ ಸರ್ಕಾರಕ್ಕೆ, ಎಳ್ಳು ಸಂತೆಗೆ, ರಾಗಿ ಮನೆಗೆ. ರಾಗಿ ಎಂದಾಗ ನಾನು ನಂಬಲಿಲ್ಲ. ಊಟದ ಡಬ್ಬಿ ತೆರೆದು ತೋರಿಸಿದ: ಕಂದು ಮುದ್ದೆ, ಪಕ್ಕದಲ್ಲಿ ಎಳ್ಳು ಅರೆದು ಹಾಕಿದ ಸೊಪ್ಪು. ನಾನೂ ನನ್ನ ಡಬ್ಬಿ ತೆರೆದೆ. ಸ್ನೇಹವಾಗಲು ಅಷ್ಟು ಸಾಕಾಯಿತು. ನಾನು ಅಗಿಯದೆ ನುಂಗುವುದನ್ನು ನೋಡಿ, ಹಲ್ಲಿಗೇನಾಗಿದೆ ಎಂದು ಕೇಳಿದ್ದ. ರಾಗಿ ನಮ್ಮಿಂದ ಅವರಿಗೆ ಹೋಯಿತೆಂದು ನಾನು, ಅವರಿಂದ ನಮಗೆ ಬಂತೆಂದು ಅವನು, ಊಟದ ಹೊತ್ತಿಗೆ ದಿನವೂ ಇದೇ ಜಗಳ.

ಭಾನುವಾರಗಳಲ್ಲಿ ನಮ್ಮ ಕನ್ನಡದವರು ಥಾರ್ನ್‌ಹಿಲ್‌ನಲ್ಲಿ ಸೇರುತ್ತಿದ್ದರು. ಎಂಜಿನಿಯರುಗಳು, ಡಾಕ್ಟರುಗಳು. ಯಾವ ಕಾಲೇಜು ನಿಮ್ಮದು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಆಗೆಲ್ಲ ನಾನು ಮತ್ತಷ್ಟು ಚಿತ್ರಾನ್ನ ಹಾಕಿಸಿಕೊಳ್ಳಲು ಎದ್ದು ಹೋಗುತ್ತಿದ್ದೆ. ನನ್ನ ಹೊಟ್ಟೆ ಬಂದದ್ದು ಹಾಗೆ. ಒಕೆಲ್ಲೋನ ಎದುರು ಮಾತ್ರ ನಾನು ತಿಳಿದವನು.

ತೊಂಬತ್ತೆಂಟರ ವಸಂತದಲ್ಲಿ ಅವನು ಒಂದು ಬಟ್ಟೆಯ ಗಂಟು ತಂದ. ಅದರಲ್ಲಿ ಒಂದು ಹಿಡಿ ಬೀಜದ ರಾಗಿ. ದೇಶ ಬಿಡುವಾಗ ತಾಯಿ ಕಟ್ಟಿಕೊಟ್ಟದ್ದು. ಆಮೇಲೆ ಬಂಡುಕೋರರ ಜೊತೆ ಯುದ್ಧ ನಡೆದ ಕಾಲದಲ್ಲಿ ಸೈನ್ಯ ಅವರ ಊರನ್ನೇ ಎಬ್ಬಿಸಿ ಕ್ಯಾಂಪಿಗೆ ಹಾಕಿತು. ಕಣಜ ಸುಟ್ಟುಹೋಯಿತು, ಹೊಲ ಬೀಳು ಬಿತ್ತು, ತಾಯಿ ಕ್ಯಾಂಪಿನಲ್ಲೇ ತೀರಿಕೊಂಡಳು. ಅವರ ಮನೆಯ ಆ ತಳಿ ಉಳಿದಿದ್ದರೆ ಆ ಗಂಟಿನಲ್ಲಿ ಮಾತ್ರ. ಬಿತ್ತಿ ಬೀಜ ಹೆಚ್ಚಿಸಬೇಕು, ನಿನ್ನ ಹಿತ್ತಿಲು ಕೊಡು ಎಂದ. ಜಾರ್ಜ್‌ಟೌನಿನಲ್ಲಿ ನಮ್ಮ ಮನೆಯ ಹಿಂದೆ ಒಳ್ಳೆಯ ಜಾಗವಿತ್ತು.

ಮೇ ಕೊನೆಗೆ, ಅರ್ಧ ಬೀಜ ಮಾತ್ರ ಬಿತ್ತೋಣ ಎಂಬುದು ಅವನ ಯೋಚನೆ. ಹಳೆಯ ಬೀಜ, ಮುಂದಿನ ವರ್ಷಕ್ಕೆ ಮೊಳೆಯುವುದಿಲ್ಲ, ಎಲ್ಲವನ್ನೂ ಬಿತ್ತು ಎಂದು ಹೆದರಿಸಿದೆ. ಅಷ್ಟು ಖಚಿತವಾಗಿ ನನಗೇನೂ ಗೊತ್ತಿರಲಿಲ್ಲ. ಮೇನಲ್ಲಂತೂ ಕೂಡದು ಎಂದೆ. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರು. ನಮ್ಮ ಮನೆಯಲ್ಲಿ ರಾಗಿ ಬೀಳುವುದು ಪುನರ್ವಸು ಮಳೆಗೆ, ಅಂದರೆ ಜುಲೈಗೆ.

ಹೆಂಡತಿ ಕಿಟಕಿಯಿಂದ ಕೇಳಿಸಿಕೊಂಡಳು. "ಏನ್ರೀ, ಬೀಜ ಅವರ್ದು. ಅವರಿಷ್ಟದಂಗೆ ಬಿತ್ಲಿ ಬಿಡಿ. ಈ ದೇಶದಲ್ಲಿ ಪುನರ್ವಸು ಎಲ್ಲಿಂದ ಬರ್ಬೇಕು?"

"ಕೆನಡಾಕ್ಕೇನು ಬೇರೆ ನಕ್ಷತ್ರ ಇದ್ಯಾ? ನೀನು ಸುಮ್ನಿರು," ಎಂದೆ.

ಇಲ್ಲಿ ಚಳಿ ಬೇಗ ಬರುತ್ತದೆ ಎಂದು ಒಕೆಲ್ಲೋ ಮೆತ್ತಗೆ ಹೇಳಿ ನೋಡಿದ. ಹುಟ್ಟಿದಾಗಿನಿಂದ ರಾಗಿ ಬೆಳೆದವನಿಗೆ ಹೇಳಿಕೊಡಬೇಡ ಎಂದುಬಿಟ್ಟೆ. ಅವನು ಜುಲೈವರೆಗೆ ಕಾದು, ಗಂಟಿನಲ್ಲಿದ್ದುದನ್ನೆಲ್ಲ ಬಿತ್ತಿದ.

ಪೈರು ಸೊಂಟದೆತ್ತರ ಬೆಳೆಯಿತು. ಥಾರ್ನ್‌ಹಿಲ್‌ನವರನ್ನು ಕರೆದು ತೋರಿಸಿದೆ. ಎಂಜಿನಿಯರುಗಳು ಪೈರಿನ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ಅವತ್ತು ಯಾರೂ ಕಾಲೇಜಿನ ವಿಚಾರ ಎತ್ತಲಿಲ್ಲ. ಸೆಪ್ಟೆಂಬರ್ ಕೊನೆಗೆ ಅಲ್ಲಲ್ಲಿ ತೆನೆ ಹೊರಟು, ಇನ್ನೂ ಹಾಲುಗಾಳು ಕಟ್ಟುತ್ತಿದ್ದಾಗ, ಒಂದು ಬೆಳಿಗ್ಗೆ ಎದ್ದರೆ ಹಿತ್ತಿಲೆಲ್ಲ ಬೆಳ್ಳಗೆ ಹಿಮ ಕೂತಿತ್ತು. ಬಿಸಿಲೇರುವ ಹೊತ್ತಿಗೆ ಪೈರು ಬೇಯಿಸಿದ ಸೊಪ್ಪಿನಂತೆ ಮಲಗಿತು.

ಶಿಫ್ಟು ಮುಗಿಸಿ ಒಕೆಲ್ಲೋ ಬಂದ. ಒಂದು ತೆನೆ ಹಿಸುಕಿ ನೋಡಿದ. ಬೈಯುತ್ತಾನೆಂದು ಕಾದೆ. ಅವನು ಚಾಕು ತೆಗೆದು, ಸಿಕ್ಕಷ್ಟು ತೆನೆ ಕೊಯ್ದು, ಎಣಿಸಿ ಎರಡು ಗುಡ್ಡೆ ಮಾಡಿ, ಒಂದನ್ನು ನನ್ನ ಕಡೆ ಸರಿಸಿದ. ಜಾಗ ಕೊಟ್ಟವನಿಗೆ ಅರ್ಧ ಕೊಡುವುದು ಅವರಲ್ಲಿ ರೂಢಿ.

"ಇದು ನಿನ್ನ ಪಾಲು," ಎಂದ.

ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. "ಈ ವರ್ಷ ಫ್ರಾಸ್ಟು ಬೇಗ ಬಂತು," ಎಂದೆ.

"ಹೌದು ಬ್ರದರ್, ಬೇಗ ಬಂತು," ಎಂದ.

ಮುಂದಿನ ವಾರ ಅವನು ಶಿಫ್ಟು ಬದಲಾಯಿಸಿಕೊಂಡ. ಚಳಿಗಾಲ ಕಳೆಯುವ ಮೊದಲೇ ಆಲ್ಬರ್ಟಾ ಕಡೆ ಹೋದನೆಂದು ಗೋದಾಮಿನಲ್ಲಿ ಯಾರೋ ಹೇಳಿದರು. ಎರಡು ಸಾವಿರದ ಆರರಲ್ಲಿ ಊರಿಗೆ ಹೋದಾಗ ನಮ್ಮ ಕಡೆಯ ಬೀಜದ ರಾಗಿ ಕೊಂಡೆ, ಅವನಿಗೆಂದು. ಏರ್‌ಪೋರ್ಟಿಗೆ ಹೊರಡುವ ಮುಂಚೆ ಅಲ್ಲೇ ಬಿಟ್ಟು ಬಂದೆ. ಎಷ್ಟೇ ಒಳ್ಳೆಯದಿದ್ದರೂ ಅದು ಅವನ ತಾಯಿಯದಲ್ಲ.

ನನ್ನ ಪಾಲಿನ ತೆನೆಗಳನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೆ. ಎಲ್ಲೋ ಒಂದು ಕಾಳು ಗಟ್ಟಿಯಾಗಿರಬಹುದು, ಅದೊಂದನ್ನಾದರೂ ಹುಡುಕಿಕೊಂಡು ಹೋಗಿ ಕೊಡಬಹುದು ಎಂಬ ಆಸೆ. ಇಲ್ಲವೆಂದು ಗೊತ್ತಾಗಿಬಿಟ್ಟೀತೆಂಬ ಭಯಕ್ಕೆ ಇಷ್ಟು ವರ್ಷ ಬಿಚ್ಚಿರಲಿಲ್ಲ. ಇವತ್ತು ಬಿಚ್ಚಿ, ಒಂದೊಂದನ್ನೇ ಅಂಗೈಯಲ್ಲಿ ಉಜ್ಜಿ ಊದಿದೆ.

ಈಗ ನನ್ನ ಬಳಿ ಇರುವುದು ಹದಿನಾರು ತೆನೆಯ ಹೊಟ್ಟು. ಕಾಳು ಒಂದೂ ಇಲ್ಲ.