ಎಡಗೈಯ ಸೂಜಿ, ಪೂಜೆಯ ನೀರು

ಆಸ್ಪತ್ರೆಯಲ್ಲಿ ಅಮ್ಮನ ಪೂಜೆಯ ನೀರಿಗೆ ಸ್ಟೀಲಿನ ಲೋಟ ಎಂದು ಬರೆದಿದ್ದೆ. ಅಳಿಸಿದೆ. ಲೋಟವೇ ಇರಲಿಲ್ಲ, ನೀರಿನ ಬಾಟಲಿಯ ಮುಚ್ಚಳ ಎನ್ನುತ್ತಾಳೆ ಅಮ್ಮ. ಇರಬಹುದು. ಕೈಗೆ ಅಂಟಿಸಿದ್ದ ಪಟ್ಟಿ ಒದ್ದೆಯಾಗಿದ್ದದ್ದು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

ಅಮ್ಮನನ್ನು ಭದ್ರಾವತಿಯಿಂದ ಕರೆತಂದು, ಶಿವಮೊಗ್ಗದ ವಿನೋಬನಗರದಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ಪಿತ್ತಕೋಶದ ಆಪರೇಷನ್ ಮಾಡಿಸಿದ್ದೆವು. ಅದು ಸಲೀಸಾಗಿ ಮುಗಿದಿತ್ತು. ಆಮೇಲೊಂದು ಬೆಳಿಗ್ಗೆ ನರ್ಸ್ ಬಂದು, ಅಮ್ಮನ ಎಡಗೈಯ ಡ್ರಿಪ್ ಸೂಜಿಗೆ ಅಂಟಿಸಿದ್ದ ಪಟ್ಟಿ ಮುಟ್ಟಿದವರೇ ನಿಂತುಬಿಟ್ಟರು.

“ಏನಮ್ಮಾ, ಇವತ್ತೂ ಒದ್ದೆ? ಮುಖ ತೊಳಿವಾಗ ಈ ಕೈ ಆಚೆ ಇಡಿ ಅಂದಿದ್ನಲ್ಲ?”

“ಮುಖ ಅಲ್ಲ ಮಾರಾಯ್ತಿ, ಪೂಜೆ.”

ಪರದೆ ಎಳೆದುಕೊಂಡು ಅಮ್ಮ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ನೀರೆರೆಯುತ್ತಿದ್ದಳು. ನೀರು ಬೆರಳಸಂದಿಯಿಂದ ಇಳಿದು ಪಟ್ಟಿ ಸೇರುತ್ತಿತ್ತು. ಹುಟ್ಟಿದಾಗಿನಿಂದ ಕಂಡ ಪೂಜೆ. ಸೂಜಿಯೂ ಅದೇ ಕೈಯಲ್ಲಿದೆ ಎಂದು ಮನೆಯವರಾರಿಗೂ ಹೊಳೆದಿರಲಿಲ್ಲ.

ಪಟ್ಟಿ ಬಿಚ್ಚಿದರೆ ಸೂಜಿಯ ಸುತ್ತ ಕೆಂಪು.

“ಇದು ನೇರ ರಕ್ತಕ್ಕೆ ಹೋಗೋ ದಾರಿ. ಸೋಂಕು ಒಳಗೆ ಹೋದ್ರೆ ಮೈಗೆಲ್ಲ ಏರತ್ತೆ” ಎಂದು ನರ್ಸ್ ಸೂಜಿ ತೆಗೆದೇಬಿಟ್ಟರು. ಡಾಕ್ಟರು ಬಂದು ನೋಡಿ, ಜ್ವರ ಬರುತ್ತದೋ ಕಾಯೋಣ ಎಂದರು. ಔಷಧ ಇನ್ನೂ ಹೋಗಬೇಕಿತ್ತು. ಬೇರೆ ಸೂಜಿ ಬೇಕು.

“ಪೂಜೆ ಬಿಡು ಅಂತೀಯಾ?”

“ಬಿಡೋ ಪೈಕಿನಾ ನೀವು? ನೀರು ಹೇಗೆ ಹಾಕ್ತೀರಿ, ತೋರ್ಸಿ.”

ಅಮ್ಮ ಖಾಲಿ ಅಂಗೈ ಹಿಡಿದು, ಬಲಗೈಯಿಂದ ಇಲ್ಲದ ನೀರು ಸುರಿದಳು. ನರ್ಸ್ ಆ ನೀರು ಹರಿಯುವ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ, ಬಲ ಮೊಣಕೈಗಿಂತ ಸ್ವಲ್ಪ ಕೆಳಗೆ ಜಾಗ ಆರಿಸಿದರು. ಕೈ ತೊಳೆದು ಬಂದು, ಗ್ಲೌಸ್ ಹಾಕಿ, ಸ್ಪಿರಿಟ್ ಒರೆಸಿ, ಒಣಗಲೆಂದು ಕಾದರು. ಅಮ್ಮ ಉಫ್ ಎಂದು ಊದಿದಳು.

“ಅಯ್ಯೋ, ಊದ್ಬೇಡಿ! ಬಾಯಲ್ಲಿರೋದೆಲ್ಲ ಅಲ್ಲಿ ಬಿತ್ತು. ಮತ್ತೆ ಮೊದ್ಲಿಂದ.”

“ನಮ್ಮತ್ತೆಗಿಂತ ನಿಂದೇ ಮಡಿ ಜಾಸ್ತಿ ಕಣೇ.”

ನಾನು ನಗಲಿಲ್ಲ. ಅಥವಾ ನಕ್ಕೆನೇನೋ, ಈಗ ನಗು ಬರುವುದರಿಂದ ಆಗಿನದು ಕಾಣುವುದಿಲ್ಲ. ದಿನವಿಡೀ ಅಮ್ಮನ ಹಣೆ ಮುಟ್ಟುತ್ತಲೇ ಇದ್ದೆ. ಕೊನೆಗೆ ಅವಳೇ ಕೈ ತಳ್ಳಿದಳು: “ನಿನ್ನ ಕೈಯೇ ಬಿಸಿ ಕಣೋ.”

ಸಂಜೆ “ಜ್ವರ ಇಲ್ಲ” ಎಂದವರು ಯಾರು? ನೆನಪು ಆ ಮಾತನ್ನು ಒಮ್ಮೆ ನರ್ಸ್ ಬಾಯಲ್ಲಿ, ಒಮ್ಮೆ ಡಾಕ್ಟರ್ ಬಾಯಲ್ಲಿ ಇಟ್ಟು ನೋಡುತ್ತದೆ. ಮಾತಂತೂ ನಿಜ. ಮರುದಿನ ಕೆಂಪು ಇಳಿಯಿತು. ಪೂಜೆ ಮುಗಿದ ಮೇಲೂ ಬಲಗೈಯ ಪಟ್ಟಿ ಒಣಗಿಯೇ ಇತ್ತು.

ಡಿಸ್ಚಾರ್ಜ್ ಆಗಿ ಭದ್ರಾವತಿಗೆ ಬರುವಾಗ, ದಾರಿಯಲ್ಲಿ ಮಲವಗೊಪ್ಪ ದಾಟುತ್ತಿದ್ದಂತೆ ಅಮ್ಮ ಸೂಜಿಯಿಲ್ಲದ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

“ನಾಳೆ ಧಾರಾಳವಾಗಿ ನೀರು ಹಾಕ್ತೀನಿ.”

“ಹಾಕಮ್ಮ,” ಎಂದೆ. “ಚೊಂಬಲ್ಲೇ ಹಾಕು.”