ಮೂವರಿದ್ದ ಕೋಣೆಯಲ್ಲಿ ಒಂದು ಪ್ರಶ್ನೆ

ಮೊದಲು ನೆನಪಾಗುವುದು ಢೋಲಿನ ಸದ್ದು. ಗಣಪತಿ ಹಬ್ಬಕ್ಕೆ ಇನ್ನೂ ತಿಂಗಳಿರುವಾಗಲೇ ಪುಣೆಯ ಹುಡುಗ ಹುಡುಗಿಯರು ಸಂಜೆ ಹೊತ್ತು ನದಿಯ ದಂಡೆಗೆ ಬಂದು ಢೋಲು ತಾಶೆಗಳ ಪ್ರಾಕ್ಟೀಸ್ ಶುರುಮಾಡುತ್ತಾರೆ. ನಮ್ಮ ಡಾಕ್ಟರ ಕ್ಲಿನಿಕ್ಕು ಆ ದಂಡೆಗೆ ಬೆನ್ನು ಮಾಡಿ ನಿಂತಿತ್ತು. ಕಿಟಕಿ ಮುಚ್ಚಿದರೂ ಸದ್ದು ಒಳಗೆ ಬಂದು ಎದೆಗೇ ಬಡಿಯುತ್ತಿತ್ತು. ಡಾಕ್ಟರು ಸ್ಟೆತೋಸ್ಕೋಪ್ ಇಟ್ಟುಕೊಂಡು, "ಇದು ನಿಮ್ಮ ಎದಿ ಬಡಿತನೋ ಗಣಪತೀದೋ ತಿಳೀವಲ್ದು ನೋಡ್ರಿ" ಎಂದು ನಗುತ್ತಿದ್ದರು.

ಇಂಥ ಸಂಗತಿಗಳನ್ನು ನಂಬುವವಳು ನಾನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ಗಾರ್ಡಿಯನ್ ಏಂಜೆಲ್ ಇರುತ್ತಾಳೆ, ಬೆಂಚಿನಲ್ಲಿ ಅವಳಿಗೂ ಸ್ವಲ್ಪ ಜಾಗ ಬಿಡಿ ಎಂದು ಸಿಸ್ಟರ್ ಹೇಳುತ್ತಿದ್ದರು. ಉಳಿದ ಹುಡುಗಿಯರು ಭಕ್ತಿಯಿಂದ ಸರಿದು ಕೂರುತ್ತಿದ್ದರು. ನಾನು ಆ ಜಾಗದಲ್ಲಿ ಟಿಫಿನ್ ಚೀಲ ಇಡುತ್ತಿದ್ದೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ಜೇಜುರಿಯ ಖಂಡೋಬನ ಗುಡಿಯಲ್ಲಿ ಜನರ ಮೈಮೇಲೆ ದೇವರು ಬರುವುದನ್ನು ನೋಡಿದೆ. ಪಾಪ, ಬಿಸಿಲಿಗೆ ತಲೆ ತಿರುಗಿರಬೇಕು ಅಂದುಕೊಂಡು ಒಬ್ಬಳಿಗೆ ನೀರು ಕೊಟ್ಟು ಬಂದೆ. ನನ್ನ ನಾದಿನಿ ಕಮಲಾ, ನನ್ನ ಯಜಮಾನರು ತೀರಿಕೊಂಡ ಮೇಲೆ ನನ್ನ ಜೊತೆಗೇ ಇರುವವಳು, ನನಗೆ ಇಟ್ಟ ಹೆಸರು "ಇಂಗ್ಲಿಷ್ ನಾಸ್ತಿಕಿ".

ಈಗ ಹೇಳಹೊರಟಿರುವುದು ನನ್ನ ತಮ್ಮನ ಮಗಳು ವೀಣಾಳ ಸಂಗತಿ. ಅವಳೇ "ಬರಿ ಅತ್ತಿ, ಯಾರಿಗರೆ ಉಪಯೋಗ ಆಗ್ತದ" ಎಂದಿದ್ದಾಳೆ. ಹೆಸರು ಮಾತ್ರ ಬದಲಿಸಿದ್ದೇನೆ.

ವೀಣಾಳ ಮದುವೆ ಪುಣೆಯ ಹತ್ತಿರದ ಶಿರೂರಿನ ಒಂದು ಮನೆಗೆ ಆಯಿತು. ಹುಡುಗ ಒಳ್ಳೆಯವನು, ಅಂದಿಗೂ ಇಂದಿಗೂ. ಕೆಲವು ತಿಂಗಳಲ್ಲೇ ಅವಳಿಗೆ ಜ್ವರ ಬಂತು. ಗಂಟಲು ನೋವು, ಕುತ್ತಿಗೆಯಲ್ಲಿ ಗಂಟುಗಳು, ಮೈಮೇಲೆ ಕೆಂಪು ದದ್ದು. ಮಳೆಗಾಲ, ಪುಣೆಯಲ್ಲಿ ಮಳೆಗಾಲದ ಜ್ವರ ಅಂದರೆ ಡೆಂಗಿ, ಇಲ್ಲವೇ ಚಿಕುನ್‌ಗುನ್ಯಾ. ರಕ್ತಪರೀಕ್ಷೆಯಲ್ಲಿ ಎರಡೂ ಇಲ್ಲ ಎಂದು ಬಂತು. "ಹಂಗಾರ ವೈರಲ್" ಎಂದರು ಡಾಕ್ಟರು. ಜ್ವರ ತಾನಾಗಿಯೇ ಬಿಟ್ಟಿತು. ಎಲ್ಲರೂ ಮರೆತೆವು.

ಮರುವರ್ಷ ಅವಳು ಸೊರಗತೊಡಗಿದಳು. ಹೊಸ ಮದುಮಗಳು, ಡಯಟಿಂಗ್ ಇರಬೇಕು ಎಂದು ನಾನು. ಸಿಹಿಸುದ್ದಿ ಇರಬೇಕು ಎಂದು ಕಮಲಾ. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತು. ಅದು ಆಂಟಿಬಯಾಟಿಕ್ ತಿಂದ ಉಷ್ಣ ಎಂದುಕೊಂಡೆವು. ಆಮೇಲೆ ಸೊಂಟದ ಒಂದು ಪಕ್ಕ ಬೆಂಕಿಯಂಥ ಗುಳ್ಳೆಗಳು ಎದ್ದವು. ಸರ್ಪಸುತ್ತು. ಇಲ್ಲಿಯವರು ನಾಗೀಣ ಎನ್ನುತ್ತಾರೆ. ವೀಣಾ ಚಿಕಿತ್ಸೆಗೆಂದು ನಮ್ಮ ಮನೆಗೇ ಬಂದುಬಿಟ್ಟಳು.

"ಹೆಡಿ ಮತ್ತ ಬಾಲ ಕೂಡೂದ್ರೊಳಗ ಕಾವಿ ಬಳೀಬೇಕು" ಎಂದು ಕಮಲಾ ಬಟ್ಟಲಲ್ಲಿ ಕೆಂಪು ಕಾವಿ ಕಲಸಿಕೊಂಡು ಬಂದಳು.

"ಕಮಲಾ, ದಿಸ್ ಈಸ್ ಎ ವೈರಸ್. ಹಾವಲ್ಲ."

"ವೈರಸ್ಸಿಗೆ ಹೆಡಿ ಇರೂದಿಲ್ಲಂತ ನಿಮ್ಮ ಸಿಸ್ಟರ್ ಹೇಳ್ಯಾಳೇನು? ಸರೀರಿ ವೈನಿ, ಒಂದೀಟು ಹಚ್ಚಿದ್ರ ನಿಮ್ಮ ವೈರಸ್ ಏನ್ ಅಳೂದಿಲ್ಲ."

ಬೆಂಕಿ ಬಿದ್ದ ನೋವಿನಲ್ಲೂ ವೀಣಾ ನಕ್ಕಳು. ಆ ನಗುವಿನಲ್ಲಿ ಅವಳ ಕೆನ್ನೆಯ ಮೂಳೆ ಎದ್ದು ಕಂಡದ್ದನ್ನು ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಈ ಹುಡುಗಿ ಕೈಬಿಟ್ಟು ಹೋಗುತ್ತಿದ್ದಾಳೆ ಅನಿಸಿತು. ಏಕೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಆ ಸಂಜೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇವರ ಬಗ್ಗೆ ಸ್ವಲ್ಪ ಹೇಳಬೇಕು. ಧಾರವಾಡದ ಕಡೆಯವರು. ನನ್ನ ಯಜಮಾನರನ್ನು ಅಣ್ಣ ಎನ್ನುತ್ತಿದ್ದರು, ಹಾಗಾಗಿ ಕಮಲಾಳಂತೆ ಅವರಿಗೂ ನಾನು ವೈನಿ, ಅಂದರೆ ಅತ್ತಿಗೆ. ವೀಣಾ ಪುಣೆಯಲ್ಲೇ ಬೆಳೆದ ಹುಡುಗಿ. ಅವಳ ಲಸಿಕೆಗಳನ್ನೆಲ್ಲ ಹಾಕಿದ್ದು ಇವರೇ, ಅವಳ ಮದುವೆಯಲ್ಲಿ ಅಕ್ಷತೆ ಹಾಕಿದ್ದೂ ಇವರೇ. ಪುಣೆಯ ಕನ್ನಡದವರಿಗೆ ಇಂಥ ಡಾಕ್ಟರು ಅಂದರೆ ಮನೆಯ ಹಿರಿಯ. ನಮ್ಮಲ್ಲಿ ಹೆಣ್ಣುಮಕ್ಕಳು ಅವರ ಬಳಿ ಒಬ್ಬರೇ ಹೋಗುವ ಪದ್ಧತಿ ಇರಲಿಲ್ಲ. ಜೊತೆಗೆ ಅತ್ತೆಯೋ ಅವ್ವನೋ ಅತ್ತಿಗೆಯೋ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುವುದು. ಡಾಕ್ಟರು ಕೇಳಿದ್ದಕ್ಕೆ ಆಕೆಯೇ ಉತ್ತರ ಹೇಳುವುದು. ಕಾಯಿಲೆಯವಳು ನಾಲಿಗೆ ಚಾಚಿದರೆ ಸಾಕು.

ಅಂದೂ ಹಾಗೆಯೇ ಆಯಿತು. ಊಟ ಹೇಗಿದೆ ಎಂದರು, ನಾನು ಹೇಳಿದೆ. ನಿದ್ದೆ ಎಂದರು, ನಾನು ಹೇಳಿದೆ. ಡಾಕ್ಟರು ಗುಳ್ಳೆ ನೋಡಿದರು, ಹರ್ಪೀಸ್ ಎಂದರು, ಮಾತ್ರೆ ಬರೆಯಲು ಪೆನ್ನು ತೆಗೆದರು. ಬಾಗಿಲು ಮುಚ್ಚಿತ್ತು. ಒಳಗೆ ನಾವು ಮೂವರೇ. ಟ್ಯೂಬ್‌ಲೈಟ್ ಝಗಝಗ ಉರಿಯುತ್ತಿತ್ತು, ಹೊರಗೆ ಢೋಲುಗಳು ಕಿವಿ ಒಡೆಯುವಂತೆ ಬಡಿಯುತ್ತಿದ್ದವು.

ಆಗ ಎಲ್ಲ ಢೋಲುಗಳೂ ಒಮ್ಮೆಲೇ ನಿಂತವು. ಅದರಲ್ಲಿ ವಿಚಿತ್ರವೇನಿಲ್ಲ, ಅವರ ತಾಳವೇ ಹಾಗೆ. ಆ ಮೌನದಲ್ಲಿ ಒಂದು ಪ್ರಶ್ನೆ ಕೇಳಿಸಿತು.

"ಎಚ್‌ಐವಿ ಟೆಸ್ಟ್ ಒಂದು ಮಾಡಿ ನೋಡಬಹುದಲ್ರಿ ಕಾಕಾ?"

ವೀಣಾಳ ದನಿ. ಮೆಲ್ಲಗೆ, ನೀರು ಕೇಳಿದಷ್ಟು ಸಹಜವಾಗಿ. ಡಾಕ್ಟರ ಪೆನ್ನು ನಿಂತಿತು. ಅವರು ತಲೆಯೆತ್ತಿ ವೀಣಾಳ ಕಡೆ ತಿರುಗಿದರು. ಆಮೇಲೆ "ಹೌದು, ಮಾಡ್ಸೋಣು. ನಿಂದು ಒಪ್ಪಿಗಿ ಅದನಲ್ಲವ್ವಾ?" ಎಂದರು. ವೀಣಾ ಗೋಣು ಹಾಕಿದಳು. ಢೋಲು ಮತ್ತೆ ಶುರುವಾಯಿತು.

ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಅವಳ ಗಂಡನಿಗೂ ಬಂತು. ಯಾರಿಂದ ಯಾರಿಗೆ, ಹೇಗೆ ಎಂಬುದನ್ನು ನಾನು ಕೇಳಲಿಲ್ಲ, ಬರೆಯುವುದೂ ಇಲ್ಲ. ಅದು ಅವರಿಬ್ಬರದು. ಮೊದಲ ವಾರಗಳು ಕೆಟ್ಟದಾಗಿದ್ದವು. ಕಮಲಾ ಕಾವಿಯ ಬಟ್ಟಲು ತೊಳೆದಿಟ್ಟಳು. ಮರುದಿನ ವೀಣಾಳ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡು, "ಉಪ್ಪು ಕಡಿಮಿ ಆಗ್ಯದ" ಎಂದಳು. ನಮ್ಮ ಮನೆಯಲ್ಲಿ ಆ ಬಗ್ಗೆ ಆದ ಭಾಷಣ ಅಷ್ಟೇ.

ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಶುರುವಾಯಿತು. ದಿನವೂ ಮಾತ್ರೆ, ತಪ್ಪಿಸುವ ಹಾಗಿಲ್ಲ. ಕೆಲವು ತಿಂಗಳಲ್ಲಿ ವೀಣಾಳ ಕೆನ್ನೆ ತುಂಬಿತು. ಈಗ ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಅಡಗಿದೆ, ಅನ್‌ಡಿಟೆಕ್ಟೆಬಲ್ ಅನ್ನುತ್ತಾರೆ. ಅವಳಿಗೆ ಒಬ್ಬ ಮಗಳಿದ್ದಾಳೆ. ಮಗುವಿಗೆ ಸೋಂಕು ಇಲ್ಲ. ಶಾಲೆಗೆ ಹೋಗುತ್ತಾಳೆ, ಕಮಲಾಳಿಂದ ಬೈಗುಳಗಳನ್ನು ಚೆನ್ನಾಗಿ ಕಲಿತಿದ್ದಾಳೆ.

ವಿಚಿತ್ರ ಶುರುವಾದದ್ದು ಎಲ್ಲ ಸುಧಾರಿಸಿದ ಮೇಲೆ. ಒಂದು ದಿನ ನಾನು ವೀಣಾಳಿಗೆ, "ಅವತ್ತು ಕೇಳೂ ಧೈರ್ಯ ಎಲ್ಲಿಂದ ಬಂತೇ ನಿನಗ?" ಎಂದೆ.

"ನಾ ಎಲ್ಲಿ ಕೇಳೀನಿ ಅತ್ತಿ? ನಂಗ ಅದರ ವಿಚಾರನ ಇರ್ಲಿಲ್ಲ. ಡಾಕ್ಟರ್ ಕಾಕಾ ಕೇಳಿದ್ರಲ್ಲ, ಮರಾಠಿಯೊಳಗ. 'ಏಕದಾ ಎಚ್‌ಐವಿಚೀ ಟೆಸ್ಟ್ ಕರೂನ್ ಘೇಊ ಯಾ ಕಾ?' ಅಂದ್ರು. ಎಂದಿಲ್ಲದ್ದು ನನ್ನ ಜೊತಿ ಮರಾಠಿ ಯಾಕಂತ ಗಾಬರಿ ಆತು ನಂಗ."

ಹುಡುಗಿ ಆ ದಿನಗಳ ನೋವಿನಲ್ಲಿ ಏನನ್ನೋ ಕಲಸಿಕೊಂಡಿದ್ದಾಳೆ ಎಂದುಕೊಂಡೆ. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರಿಗೆ ಇದನ್ನು ಹೇಳಿ ನಕ್ಕೆ. ಅವರು ನಗಲಿಲ್ಲ.

"ವೈನಿ, ಚ್ಯಾಷ್ಟಿ ಮಾಡಬ್ಯಾಡ್ರಿ. ಕೇಳಿದವ್ರು ನೀವು. 'ಹ್ಯಾಜ್ ಶಿ ಬೀನ್ ಟೆಸ್ಟೆಡ್ ಫಾರ್ ಎಚ್‌ಐವಿ?' ಅಂದ್ರಿ. ಇಂಗ್ಲಿಷಿನೊಳಗ, ಟೀಚರ್ ಕೇಳಿದಂಗ. ಅದಕ್ಕ ನಾ ಬರಿಯೂದು ನಿಲ್ಲಿಸಿದ್ದು."

ನಾನು ಕೇಳಿರಲಿಲ್ಲ. ಆ ಮೂರಕ್ಷರಗಳು ನನ್ನ ತಲೆಯಲ್ಲಿ ಸುಳಿದೇ ಇರಲಿಲ್ಲ. ನಮ್ಮಂಥ ಮನೆಗೂ ಆ ಕಾಯಿಲೆಗೂ ಏನು ಸಂಬಂಧ ಎಂದು ತಿಳಿದಿದ್ದ ಕಾಲ ಅದು. ಢೋಲುಗಳು ನಿಂತದ್ದು ಮೂವರಿಗೂ ನೆನಪಿದೆ. ಪ್ರಶ್ನೆ ಮೂವರಿಗೂ ನೆನಪಿದೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಬಾಯಿಂದ, ಒಂದೊಂದು ಭಾಷೆಯಲ್ಲಿ. ತನ್ನ ಬಾಯಿಂದ ಬಂತು ಎನ್ನುವವರು ಮಾತ್ರ ಯಾರೂ ಇಲ್ಲ.

ಕಮಲಾ ಇದನ್ನು ಕೇಳಿ ಖಂಡೋಬನ ದಿಕ್ಕಿಗೆ ಕೈಮುಗಿದಳು. ನನ್ನ ಹಳೆಯ ಸಿಸ್ಟರ್ ಇದ್ದಿದ್ದರೆ ಏಂಜೆಲ್ ಅನ್ನುತ್ತಿದ್ದರು. ಮನಸ್ಸು ನೆನಪುಗಳನ್ನು ತನಗೆ ಬೇಕಾದಂತೆ ಹೊಲಿದುಕೊಳ್ಳುತ್ತದೆ ಎಂದು ಓದಿದವರು ಹೇಳುತ್ತಾರೆ. ಇರಬಹುದು. ಹಾಗಾದರೂ ಯಾರೋ ಒಬ್ಬರು ಕೇಳಿರಲೇಬೇಕಲ್ಲ? ಪ್ರಶ್ನೆ ಬಾರದೆ ಪರೀಕ್ಷೆ ಆಗುತ್ತಿರಲಿಲ್ಲ.

ಡಾಕ್ಟರನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ತಾವು ಏಕೆ ಮೊದಲೇ ಕೇಳಲಿಲ್ಲ ಎಂಬುದು. ಅವರು ದಡ್ಡರಲ್ಲ. ಮೊದಲ ಸೋಂಕಿನ ಜ್ವರ ಊರ ಜ್ವರದ ಹಾಗೆಯೇ ಬಂದು ಹೋಗುತ್ತದಂತೆ. ಆ ಮೊದಮೊದಲ ದಿನಗಳಲ್ಲಿ ಪರೀಕ್ಷೆ ಮಾಡಿದರೂ ಕೆಲವೊಮ್ಮೆ ಸಿಕ್ಕಿಬೀಳುವುದಿಲ್ಲವಂತೆ, ಮತ್ತೊಮ್ಮೆ ಮಾಡಬೇಕಾಗುತ್ತದಂತೆ. ಆದರೆ ಎಳೆವಯಸ್ಸಿನವಳಿಗೆ ಸರ್ಪಸುತ್ತು, ಬಾಯಲ್ಲಿ ಬಿಳಿ ಪದರ, ಇಳಿಯುತ್ತಿರುವ ತೂಕ, ಇವು ಮೂರೂ ಜೊತೆಗೆ ಬಂದರೆ ಕೇಳಲೇಬೇಕು. ಬೇರೆ ಯಾರಾದರೂ ಆಗಿದ್ದರೆ ಅವರು ಕೇಳುತ್ತಿದ್ದರು. "ನಾ ರೋಗ ನೋಡ್ಲಿಲ್ರಿ ವೈನಿ. ಮನಿತನ ನೋಡಿದೆ" ಎಂದರು. ಅಕ್ಷತೆ ಹಾಕಿದ ಕೈಯಿಂದ, ಅದೂ ಸೋದರತ್ತೆಯ ಎದುರಿಗೆ, ಮಗಳಂಥವಳಿಗೆ ಇಂಥ ಪ್ರಶ್ನೆ ಹೇಗೆ ಕೇಳುವುದು?

ಅವರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಕೊನೆಯ ಸಲ ಅವರ ಬಳಿ ಹೋದದ್ದು ನನ್ನ ಕೆಮ್ಮಿಗೆ. ಕಮಲಾ ಜೊತೆಗಿದ್ದಳು, ಪಕ್ಕದ ಕುರ್ಚಿಯಲ್ಲಿ ಕೂತು ಆಗಲೇ ಶುರುಮಾಡಿದ್ದಳು: "ವೈನಿಗೆ ರಾತ್ರಿ ನಿದ್ದಿ ಇಲ್ರಿ, ಊಟ ಅಂತೂ—"

"ಕಮಲಾ, ನೀ ಸ್ವಲ್ಪ ಹೊರಗ ಕೂಡು."

"ಯಾಕ್ರಿ? ಈ ವಯಸ್ಸಿನಾಗ ಇಂಗ್ಲಿಷ್ ನಾಸ್ತಿಕೀದು ಮುಚ್ಚಿಡೂವಂಥಾದ್ದು ಏನದ?"

"ಅದನ್ನ ಆಕಿನ ಹೇಳಲಿ."

ವೀಣಾಳ ಆ ಸಂಗತಿಯಾದ ಮೇಲೆ, ಎಷ್ಟೋ ವರ್ಷಗಳಿಂದ, ಅವರ ಕ್ಲಿನಿಕ್ಕಿನ ರೀತಿ ಅದೇ ಆಗಿತ್ತು; ನಮ್ಮ ಪಾಳಿ ಬಂದದ್ದು ಮಾತ್ರ ಅವತ್ತೇ. ಯಾರೇ ಬರಲಿ, ಜೊತೆಯವರು ಒಂದಿಷ್ಟು ಹೊತ್ತು ಹೊರಗೆ. ಬಾಗಿಲು ಮುಚ್ಚಿದ ಮೇಲೆ ಡಾಕ್ಟರು ನನ್ನನ್ನು ಎಲ್ಲವನ್ನೂ ಕೇಳಿದರು. ಎಲ್ಲವನ್ನೂ ಅಂದರೆ ಎಲ್ಲವನ್ನೂ. ನನಗೆ ನಗು ಬಂತು. "ಡಾಕ್ಟರ್, ಲುಕ್ ಅಟ್ ಮೈ ಏಜ್!"

"ಎಲ್ಲಾರಿಗೂ ಕೇಳ್ತೀನ್ರಿ. ಮಾರಿ ನೋಡಿ ಕೇಳೂದು ಬಿಟ್ಟೀನಿ."

ಏನಾಯಿತೋ, ಯಾರಿಗೂ ಹೇಳದ ಒಂದು ಮಾತು ಹೇಳಿಬಿಟ್ಟೆ. ಕೆಮ್ಮಿದರೆ, ನಕ್ಕರೆ ಸೀರೆ ಒದ್ದೆಯಾಗುತ್ತದೆ; ಅದಕ್ಕೇ ನಾನು ಎರಡು ವರ್ಷದಿಂದ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ ಎಂದು. ಅವರು ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಇದಕ್ಕೆ ವ್ಯಾಯಾಮ ಇದೆ, ಕಲಿಸುವವರಿದ್ದಾರೆ, ಬಹಳ ಮಂದಿಗೆ ವಾಸಿಯಾಗುತ್ತದೆ ಎಂದರು.

ಏಳುವಾಗ ಕೇಳಿದರು: "ಈಗರೆ ಖರೇ ಹೇಳ್ರಿ. ಅವತ್ತು ಕೇಳಿದವ್ರು ನೀವ ಹೌದಲ್ಲೋ?"

"ಇಲ್ಲ ಡಾಕ್ಟರ್. ನೀವು?"

ಅವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಬಾಗಿಲು ತೆರೆದು, "ಕಮಲಾ, ಒಳಗ ಬಾ. ವೈನಿ, ನೀವು ಹೊರಗ" ಎಂದರು.

"ನಂಗೇನಾಗ್ಯದ? ಗುಂಡುಕಲ್ಲಿನಂಗ ಅದೀನಿ" ಎಂದು ಗೊಣಗುತ್ತ ಕಮಲಾ ಒಳಗೆ ಹೋದಳು. ಡಾಕ್ಟರು ನನ್ನತ್ತ ಒಮ್ಮೆ ನೋಡಿ, ಅವಳ ಹಿಂದೆ ಬಾಗಿಲು ಮುಚ್ಚಿಕೊಂಡರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ. ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಕಮಲಾಳ ದೊಡ್ಡ ದನಿ ಸ್ವಲ್ಪ ಹೊತ್ತು ಕೇಳಿಸಿತು. ಬರಬರುತ್ತ ಸಣ್ಣದಾಯಿತು. ಆಮೇಲೆ ಅವಳು ಏನು ಹೇಳಿದಳೋ, ನನಗೆ ಕೇಳಿಸಲಿಲ್ಲ.