ಅತ್ತೆ ಹಾಲೆರೆದ ಹಾವು

ನಮ್ಮ ಅತ್ತೆಗೆ ವರ್ಷಕ್ಕೆ ಎರಡು ನಾಗರಪಂಚಮಿ. ವಡೋದರೆಗೆ ಬಂದ ಮೇಲೆ ಶುರುವಾದದ್ದು ಇದು. ನಮ್ಮ ಉಡುಪಿ ಕಡೆ ಶ್ರಾವಣದ ಶುಕ್ಲಪಕ್ಷದಲ್ಲಿ ಪಂಚಮಿ, ಗುಜರಾತಿಗಳಿಗೆ ಅದೇ ತಿಂಗಳ ಕೃಷ್ಣಪಕ್ಷದಲ್ಲಿ. "ಎರಡು ಸಲ ಹಾಲೆರೆದ್ರೆ ನಾಗ ಬೇಡ ಹೇಳ್ತಾನಾ?" ಎಂದು ಅತ್ತೆ ಕೇಳುತ್ತಿದ್ದರು. ಎರಡನೆಯ ಪಂಚಮಿಗೆ ಪಕ್ಕದ ಮನೆಯ ಗುಜರಾತಿ ಅಕ್ಕ, ನಾವು ಬೆನ್ ಎಂದು ಕರೆಯುತ್ತಿದ್ದವರು, ಸಜ್ಜೆ ಹಿಟ್ಟಿಗೆ ತುಪ್ಪ ಬೆಲ್ಲ ಕಲಸಿದ ಕುಲೇರ್ ತಂದುಕೊಡುತ್ತಿದ್ದರು. ಅದನ್ನು ಬಾಯಿಗೆ ಹಾಕಿಕೊಂಡು "ಏಲಕ್ಕಿ ಬೇಕಿತ್ತು" ಅನ್ನದೆ ಅತ್ತೆ ಬಿಡುತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗೋರ್ವಾದ ಕಾರ್ಖಾನೆಗಳ ರಸ್ತೆಯಲ್ಲಿ ನಮ್ಮವರದ್ದು ಇಡ್ಲಿ ದೋಸೆಯ ಸಣ್ಣ ಹೋಟೆಲು. ಹಿಂದೆಯೇ ಎರಡು ಕೋಣೆಯ ಮನೆ, ನಡುವಿನ ತಗಡಿನ ಮಾಡಿನಡಿ ಸೌದೆ ರಾಶಿ. ಆ ವರ್ಷ ಮೊದಲ ಪಂಚಮಿಯ ಮರುದಿನ ಆ ರಾಶಿಯೊಳಗಿಂದ ಬುಸ್ ಎಂದು ಕೇಳಿಸಿತು. ಅಂತಿಂಥ ಬುಸ್ ಅಲ್ಲ. ಸೀಟಿ ಹೊಡೆಯುವ ಮೊದಲು ಕುಕ್ಕರ್ ಉಸಿರು ಬಿಡುತ್ತದಲ್ಲ, ಹಾಗೆ. ಅಡುಗೆ ಭಟ್ಟರು ದೊಣ್ಣೆ ಹುಡುಕಿದರು. ಅತ್ತೆ ಅಡ್ಡ ನಿಂತರು.

"ನಾಗ ಅದು. ನಿನ್ನೆ ಹಾಲೆರೆದದ್ದಕ್ಕೆ ಮುಖ ತೋರಿಸ್ಲಿಕ್ಕೆ ಬಂದದ್ದು."

"ಮುಖ ಎಲ್ಲಿ ತೋರಿಸಿತು ಅತ್ತೆ? ಬರೀ ಬುಸ್ ಅಂದದ್ದು."

"ನಿನಗೆಂತ ಗೊತ್ತುಂಟು!"

ಅತ್ತೆ ದಿನಾ ಬೆಳಕು ಹರಿಯುವ ಹೊತ್ತಿಗೆ ಮಿಂದು ಬಂದು, ಸೌದೆಯ ಸಂದಿಯಲ್ಲಿ ಹಿತ್ತಾಳೆ ಬಟ್ಟಲು ತುಂಬ ಹಾಲಿಡುವುದು ಶುರುವಾಯಿತು. ಮಾರನೆಯ ದಿನ ನೋಡಿದರೆ ಬಟ್ಟಲು ಖಾಲಿ. ಅತ್ತೆಯ ಮುಖ ಇಷ್ಟಗಲ! ಕಾಫಿಗೆ ಹಾಲು ಸಾಲದೆ ನಾನಿಲ್ಲಿ ಒದ್ದಾಡುವಾಗ ಹಾವಿಗೆ ಗಟ್ಟಿ ಹಾಲು ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾವು ಹಾಲು ಕುಡಿಯುವ ಪ್ರಾಣಿಯೇ ಅಲ್ಲ ಎನ್ನುವುದು ಆಗ ನನಗೂ ಗೊತ್ತಿರಲಿಲ್ಲ. ಹಾಲು ನೆಕ್ಕುತ್ತಿದ್ದದ್ದು ಇಲಿಗಳು, ಹಾವು ಕಾಯುತ್ತಿದ್ದದ್ದು ಆ ಇಲಿಗಳನ್ನು. ಹದಿನೈದು ದಿನ ಅತ್ತೆ ಸ್ವಂತ ಕೈಯಿಂದ ಅದಕ್ಕೆ ಊಟದ ಏರ್ಪಾಡು ಮಾಡಿದ್ದರು.

ಎರಡನೆಯ ಪಂಚಮಿಯ ಬೆಳಗ್ಗೆ ಅತ್ತೆ ಸೌದೆಯ ಕಡೆಯಿಂದ ಬಲಗೈಗೆ ಸೆರಗು ಸುತ್ತಿಕೊಂಡು ಬಂದರು. ಮುಳ್ಳು ಚುಚ್ಚಿತು ಅಂದರು. ನಾನು ಚಟ್ನಿಯ ಗಡಿಬಿಡಿಯಲ್ಲಿ ತಿರುಗಿಯೂ ನೋಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಗಂಟೆ ಕಳೆದು ನೋಡುತ್ತೇನೆ, ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದಾರೆ, ಉಗಿದ ನೀರೆಲ್ಲ ಕೆಂಪು. ಸೆರಗು ಎಳೆದೆ. ಕೈ ಮೊಣಕೈವರೆಗೆ ಊದಿತ್ತು, ಹೆಬ್ಬೆರಳ ಬುಡದಲ್ಲಿ ಎರಡು ತೂತು.

"ಹಾವು ಕಚ್ಚಿದ್ದಾ ಅತ್ತೆ?"

"ಮೆಲ್ಲ ಮಾತಾಡು. ಪಂಚಮಿ ದಿನ ನಾಗ ಕಚ್ಚಿತು ಅಂದ್ರೆ ನನ್ನಲ್ಲಿ ಎಂತದೋ ತಪ್ಪುಂಟು. ಡಾಕ್ಟ್ರು ಗೀಕ್ಟ್ರು ಬೇಡ. ಮದ್ದು ಮಾಡಿದ್ರೆ ದೋಷ ಮಕ್ಕಳ ತಲೆಗೆ ಬರ್ತದೆ. ಊರಿಗೆ ಕಾಗದ ಹಾಕಿ, ನಾಗನಿಗೆ ಆಶ್ಲೇಷಾ ಬಲಿ ಮಾಡಿಸುವ."

ಕಾಗದ ಹಾಕಬೇಕಂತೆ! ಅದು ಊರು ಮುಟ್ಟುವಷ್ಟರಲ್ಲಿ ಇವರು ಇರುತ್ತಾರಾ? ನಮ್ಮವರು ಹೋಟೆಲು ಬಿಟ್ಟು ಓಡಿ ಬಂದು ಅಮ್ಮನ ಕಾಲು ಹಿಡಿದರು. ಅತ್ತೆ ಬಾಗಿಲ ದಾರಂದ ಹಿಡಿದುಕೊಂಡು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆ ಹೊತ್ತಿಗೆ ಕುಲೇರ್ ತಂದ ಬೆನ್ ಸೌದೆಯ ಹತ್ತಿರ ಚೀರಿದರು: "ಖಡಚಿತಳೋ! ಖಡಚಿತಳೋ!"

ಬಗ್ಗಿ ನೋಡಿದೆ. ಹಾಲಿನ ಬಟ್ಟಲ ಪಕ್ಕ ಸಿಂಬೆ ಸುತ್ತಿಕೊಂಡು ಬಿದ್ದಿತ್ತು. ದಪ್ಪ ಮೈ, ಕಂದು ಬಣ್ಣ, ಬೆನ್ನುದ್ದಕ್ಕೂ ಸರಪಳಿಯಂತೆ ಕಪ್ಪು ಬಳೆಗಳು. ಕೊಳಕುಮಂಡಲ! ಗುಜರಾತಿನಲ್ಲಿ ಅದಕ್ಕೆ ಆ ಹೆಸರು. ಜನ ಕಂಡರೆ ಕೇರೆಯ ಹಾಗೆ ಓಡುವ ಜಾತಿಯಲ್ಲ ಅದು, ಇದ್ದಲ್ಲೇ ಬುಸುಗುಟ್ಟುತ್ತಾ ಕೂತಿರುತ್ತದೆ, ತೀರಾ ಹತ್ತಿರ ಹೋದರೆ ಹೊಡೆಯುತ್ತದೆ. ಅತ್ತೆಯ ಭುಜ ಹಿಡಿದು ಆ ಕಡೆ ತಿರುಗಿಸಿದೆ.

"ಎಲ್ಲುಂಟು ಹೆಡೆ? ತೋರಿಸಿ ನನಗೆ! ಇದಾ ನಿಮ್ಮ ನಾಗ?"

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ ದೇವರೇ, ಈ ಕೊಳಕುಮಂಡಲಕ್ಕಾ ನಾನು ಇಷ್ಟು ದಿನ ಹಾಲೆರೆದದ್ದು!" ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಹಾಗಾದ್ರೆ ದೋಷ ಇಲ್ಲ ಅಲ್ವಾ?"

"ಯಾವ ದೋಷವೂ ಇಲ್ಲ. ರಿಕ್ಷಾ ಹತ್ತಿ ಮೊದಲು."

ದಾರಂದ ಬಿಟ್ಟರು. ರಿಕ್ಷಾದಲ್ಲಿ ಕೂತವರು ಭಟ್ಟರನ್ನು ಕರೆದು, "ಹೊಡೀಬೇಡಿ ಮಾರಾಯ್ರೆ, ಅದರ ಹೊಟ್ಟೆ ನೋಡಿದ್ರೆ ಬಸುರಿ ಹಾಗೆ ಉಂಟು" ಅಂದರು. ಕೊಳಕುಮಂಡಲ ಮೊಟ್ಟೆಯಿಡುವುದಿಲ್ಲ, ಮಳೆಗಾಲದಲ್ಲಿ ಮರಿಯನ್ನೇ ಹಾಕುತ್ತದೆ. ತನ್ನ ಜೀವ ಹೋಗುವ ಹೊತ್ತಿನಲ್ಲಿ ಹಾವಿನ ಬಾಣಂತನದ ಚಿಂತೆ! ಭಟ್ಟರು ಉದ್ದ ಕೋಲಿನಲ್ಲಿ ಸೌದೆ ಕದಲಿಸಿ ಅದನ್ನು ಹಿಂದಿನ ಬಯಲಿಗೆ ಅಟ್ಟಿದರಂತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹಾವಿನ ಬಣ್ಣ ಕೇಳಿಕೊಂಡು, ಅತ್ತೆಯ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ನಿಲ್ಲಿಸಿದರು. ಈ ಹಾವಿನ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಒಸಡಿನಿಂದ ಹರಿದದ್ದು ಅದಕ್ಕೇ, ಒಳಗೂ ಹೀಗೇ ಹರಿದರೆ ಕಷ್ಟ ಎಂದರು. ಸ್ವಲ್ಪ ಹೊತ್ತು ಬಿಟ್ಟು ನಳಿಗೆ ಬಗ್ಗಿಸಿದರು. ರಕ್ತ ನೀರಿನ ಹಾಗೆ ಹರಿಯಿತು. ಹಾವಿನ ಮದ್ದು ಏರಿಸಿದರು. ಮಧ್ಯಾಹ್ನ ಮತ್ತೆ ನೋಡಿದರು, ಮತ್ತೆ ಹರಿಯಿತು. ಇನ್ನಷ್ಟು ಮದ್ದು. ಅತ್ತೆ ಅರೆ ಎಚ್ಚರದಲ್ಲಿ "ಅಕ್ಕಿ ನೆನೆಹಾಕ್ಲಿಕ್ಕೆ ಹೇಳಿದ್ಯಾ?" ಎಂದು ಕೇಳಿದರು. ಹೇಳಿದೆ ಅಂದೆ. ಸುಳ್ಳು. ದೇವರೇ, ಇವರನ್ನು ಉಳಿಸಿಕೊಡು ಎಂದಷ್ಟೇ ಗೊಣಗುತ್ತಿದ್ದೆ.

ಸಂಜೆ ಮೂರನೆಯ ನಳಿಗೆ. ಡಾಕ್ಟರಮ್ಮ ಅದನ್ನು ನನ್ನ ಕೈಗೇ ಕೊಟ್ಟು, ನೀವೇ ಬಗ್ಗಿಸಿ ನೋಡಿ ಎಂದರು ಹಿಂದಿಯಲ್ಲಿ. ಬಗ್ಗಿಸಿದೆ. ಹರಿಯಲಿಲ್ಲ. ನಂಬಿಕೆಯಾಗದೆ ಪೂರ್ತಿ ತಲೆಕೆಳಗು ಮಾಡಿದೆ. ಗಟ್ಟಿ ಮೊಸರಿನ ಹಾಗೆ ತಳ ಕಚ್ಚಿಕೊಂಡು ನಿಂತಿತ್ತು.

"ಹೆಪ್ಪುಗಟ್ಟಿತು ಅತ್ತೆ! ನೋಡಿ, ಹೆಪ್ಪುಗಟ್ಟಿತು!" ಇಡೀ ವಾರ್ಡು ತಿರುಗಿ ನೋಡುವಂತೆ ಕಿರುಚಿದೆ.

ಅತ್ತೆ ಕಣ್ಣು ತೆರೆದರು. ನಳಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

"ಮೆಲ್ಲ, ಮಾರಾಯ್ತಿ. ನನ್ನನ್ನು ಬೈಲಿಕ್ಕೆ ಇನ್ನೂ ಬೇಕಾದಷ್ಟು ದಿನ ಉಂಟು ನಿನಗೆ."

ಬೆಳಗ್ಗಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು.